ಎಲ್ಲರ ಕಿವಿಯಲ್ಲೂ ಮೈಕಮ್ಮ

ಅವಳ ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಹಾ ಕಾರ್ಖಾನೆಯಲ್ಲಿ, ಕೆಲಸಗಾರರ ಸಾಲುಮನೆಗಳಲ್ಲಿ, ಕೆಳಗಿನ ಅಂಗಡಿಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಮೊದಮೊದಲು ಹಾಗೆ ಕರೆದವರ ಜನ್ಮ ಜಾಲಾಡುತ್ತಿದ್ದಳು. ಆದರೆ ಜಾಲಾಡುವ ಆ ದನಿಯೇ ಹೆಸರಿಗೆ ಸಾಕ್ಷಿ ಹೇಳಿಬಿಡುತ್ತಿತ್ತು. ಅವಳು ಯಾರಿಗಾದರೂ ಗುಟ್ಟು ಹೇಳಿದರೆ ಅದು ಗೇಟಿನ ಕಾವಲುಗಾರನಿಗೆ ಮೊದಲು ತಿಳಿಯುತ್ತಿತ್ತು. ಬೈದು ಬೈದು ಸಾಕಾಗಿ ಕೊನೆಗೆ ಅವಳೇ ಆ ಹೆಸರಿಗೆ ಓಗೊಡತೊಡಗಿದಳು.

ಹಾಗಂತ ಹುಟ್ಟುತ್ತಲೇ ಬಂದ ಗಂಟಲಲ್ಲ ಅದು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಬಾಯಿಂದ ಮಾತು ಹೊರಡಿಸುವುದೇ ಕಷ್ಟವಾಗಿತ್ತಂತೆ. ಸೊಸೆ ಮೂಗಿಯೇನೋ ಎಂದು ಅತ್ತೆ ಒಳಗೊಳಗೇ ಹೆದರಿದ್ದಳಂತೆ. ಅತ್ತೆ ಇನ್ನಷ್ಟು ವರ್ಷ ಬದುಕಿದ್ದರೆ ಬೇರೆ ಕಾರಣಕ್ಕೆ ಹೆದರುತ್ತಿದ್ದಳು. ಆ ದನಿಯನ್ನು ಬೆಳೆಸಿದವನು ಗಂಡ.

ಗಂಡ ಕಾರ್ಖಾನೆಯ ರೋಲರ್ ಮಿಸ್ತ್ರಿ. ಬಾಡಿದ ಎಲೆಯನ್ನು ಹಲ್ಲುಹಲ್ಲಾದ ಎರಡು ಕಬ್ಬಿಣದ ಉರುಳೆಗಳ ನಡುವೆ ಹಾಯಿಸಿ ಅರೆಯುವ ಯಂತ್ರಕ್ಕೆ ಅಲ್ಲಿ ರೋಲರ್ ಎನ್ನುತ್ತಾರೆ. ಉರುಳೆಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ಎಲೆ ಅರೆಯದೆ ಜಾರಿಹೋಗುತ್ತದೆ, ಕಡಿಮೆಯಾದರೆ ಹಲ್ಲಿಗೆ ಹಲ್ಲು ತಾಗಿ ಸವೆಯುತ್ತದೆ. ಸಂದು ಸರಿಯಿದೆಯೋ ಇಲ್ಲವೋ ಎಂಬುದನ್ನು ಮಿಸ್ತ್ರಿ ಓಡುವ ಯಂತ್ರದ ಸದ್ದು ಕೇಳಿಯೇ ಹೇಳಬೇಕು. ಕಿವಿಗೆ ಹತ್ತಿ ತುರುಕಿಕೊಂಡರೆ ಆ ಸದ್ದಿನ ಹದ ತಿಳಿಯುವುದಿಲ್ಲ. ತುರುಕಿಕೊಳ್ಳದಿದ್ದರೆ ಕಿವಿಯೇ ಉಳಿಯುವುದಿಲ್ಲ. ಅವನು ಕೆಲಸ ಉಳಿಸಿಕೊಂಡ, ಕಿವಿ ಹೋಯಿತು. ಕಿವಿ ಪೂರ್ತಿ ಕೈಕೊಟ್ಟ ಮೇಲೂ ಆಸಾಮಿ ಸೋಲಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಆನಿಸಿ, ಹಿಡಿಯನ್ನು ದವಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮೂಳೆಯಲ್ಲಿ ಹರಿದು ಬರುವ ನಡುಕವೇ ಅವನಿಗೆ ಸಂದಿನ ಸುದ್ದಿ ಹೇಳುತ್ತಿತ್ತು. ಅವನು ಕಣ್ಣು ತೆರೆದು ತಲೆಯಾಡಿಸಿದ ಮೇಲೆಯೇ ಎಲೆ ಸುರಿಯುತ್ತಿದ್ದರು.

ಯಂತ್ರದ ಮಾತು ಹಾಗೆ ಕೇಳಿಸಿಕೊಳ್ಳಬಹುದು, ಹೆಂಡತಿಯ ಮಾತು ಹೇಗೆ? ಅವಳು ದನಿ ಏರಿಸಿದಳು. ವರ್ಷ ಕಳೆದಂತೆ ಇನ್ನೂ ಏರಿಸಿದಳು. ಸಾಲುಮನೆಯ ಗೋಡೆಗಳು ಮೊದಲೇ ತೆಳು. ಇವರ ಮನೆಯ ಸರಸ ವಿರಸ ಎರಡೂ ಇಡೀ ಸಾಲಿನ ಆಸ್ತಿಯಾಯಿತು. 'ಉಪ್ಪು ಮುಗಿದಿದೆ' ಎಂದು ಅವಳು ಗಂಡನಿಗೆ ಹೇಳಿದರೆ ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯಾಕೆ ಬಟ್ಟಲಲ್ಲಿ ಉಪ್ಪು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಮಾತ್ರ ಅವರಿಬ್ಬರೂ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ.

ಕೊನೆಗೊಂದು ಮಳೆಗಾಲದಲ್ಲಿ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಹತ್ತಿತು, ಹೋಗಿಬಿಟ್ಟ. ಕೇಳುವ ಜೀವ ಹೋಯಿತು, ಅವನಿಗೆಂದು ಬೆಳೆದ ಗಂಟಲು ಮಾತ್ರ ಅವಳ ಹತ್ತಿರ ಉಳಿಯಿತು. ರೂಢಿಬಲದಲ್ಲಿ ಒಂದೆರಡು ಸಲ 'ಏಳಿ, ಊಟಕ್ಕೆ' ಎಂದು ಕೂಗಿಬಿಟ್ಟಳು. ಸಾಲಿನ ಮನೆಗಳಲ್ಲಿ ಮಾತು ನಿಂತುಹೋಯಿತು. ಆಮೇಲೆ ನಾಚಿಕೆಯಾಗಿ ಮನೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟಳು. ತಟ್ಟೆಯ ಸದ್ದು, ಚಿಲಕದ ಸದ್ದು, ಅಷ್ಟೇ. ಇದ್ದ ಒಬ್ಬ ನಾದಿನಿ ದೂರದ ಊರಿನಲ್ಲಿದ್ದಳು. ಯಾವಾಗಲಾದರೂ ಫೋನು ಮಾಡಿದರೆ ಮಾತು ಶುರುವಾಗುವ ಮೊದಲೇ ಮುಗಿಯುತ್ತಿತ್ತು.

"ಅತ್ತಿಗೆ, ಸ್ವಲ್ಪ ಮೆಲ್ಲಗೆ ಮಾತಾಡಬಾರದಾ? ನನ್ನ ಕಿವಿ ತಮಟೆ ಹರಿದುಹೋಗುತ್ತೆ."

"ಮೆಲ್ಲಗೇ ಮಾತಾಡ್ತಾ ಇದೀನಲ್ಲೇ!"

"ಸರಿ ಸರಿ, ಹುಷಾರಾಗಿರಿ, ಇಡ್ತೀನಿ."

ಹೀಗಿದ್ದಾಗ ಕಾರ್ಖಾನೆಯ ಮ್ಯಾನೇಜರ್ ಅವಳಿಗೊಂದು ಹೊಸ ಕೆಲಸ ಕೊಟ್ಟ. ಅಲ್ಲಿಯವರೆಗೆ ಅವಳು ಜರಡಿ ಕೋಣೆಯಲ್ಲಿ ಕೂತು ಚಹಾಪುಡಿಯಿಂದ ಕಡ್ಡಿ ಆರಿಸುತ್ತಿದ್ದವಳು. ಊರು ನೋಡಲು ಬಂದ ಪ್ರವಾಸಿಗಳು ಕಾರ್ಖಾನೆಯನ್ನೂ ನೋಡಿಕೊಂಡು ಹೋಗುವುದು ಆಗ ಹೆಚ್ಚಾಗಿತ್ತು. ಅವರನ್ನು ಒಳಗೆ ಕರೆದುಕೊಂಡು ಹೋಗಿ ವಿವರ ಹೇಳುತ್ತಿದ್ದ ಗುಮಾಸ್ತನ ಮಾತು ಯಂತ್ರಗಳ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಬಾಯಿ ಆಡುವುದನ್ನು ನೋಡಿಕೊಂಡು ಜನ ತಲೆದೂಗಿ ಹೊರಗೆ ಬರುತ್ತಿದ್ದರು. ಒಂದು ದಿನ ಮೈಕಮ್ಮ ಆ ತುದಿಯ ಹೆಂಗಸನ್ನು ಈ ತುದಿಯಿಂದ ಗದರಿಸಿದ್ದನ್ನು ಮ್ಯಾನೇಜರ್ ಮಹಡಿಯ ಮೇಲೆ ಕೂತು ಕೇಳಿದ. ಮಾರನೆಯ ದಿನದಿಂದ ಗುಮಾಸ್ತ ತನ್ನ ಮೇಜಿಗೆ ಮರಳಿದ, ಇವಳು ಪ್ರವಾಸಿಗಳ ಮುಂದೆ ನಡೆದಳು.

ಅವಳ ಬಾಳಿನಲ್ಲಿ ಅದೊಂದು ಹಬ್ಬ ಎನ್ನಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ತಲೆ ಬಾಚಿ, ಇಸ್ತ್ರಿ ಸೀರೆಯುಟ್ಟು ಗೇಟಿನಲ್ಲಿ ಹಾಜರು. ಬಾಡಿಸುವ ಅಟ್ಟ, ರೋಲರ್ ಕೋಣೆ, ಅರೆದ ಎಲೆ ಹರಡಿಕೊಂಡು ಕೆಂಪಾಗುವ ತಣ್ಣನೆಯ ಕೋಣೆ, ಒಣಗಿಸುವ ಬಿಸಿ ಯಂತ್ರ, ಜರಡಿ, ಕೊನೆಗೆ ಒಂದು ಲೋಟ ಚಹಾ ಮತ್ತು ಪೊಟ್ಟಣ ಮಾರುವ ಕಟ್ಟೆ. ದಿನವೂ ಅದೇ ದಾರಿ, ಅದೇ ಪ್ರಶ್ನೆ. ಬೇರೆಯವರಾಗಿದ್ದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಇವಳು ಪ್ರತಿ ಸಲವೂ ಹೊಸದಾಗಿ ಖುಷಿಪಡುತ್ತಿದ್ದಳು.

"ಹಸಿರು ಚಹಾದ ಗಿಡ ಬೇರೆನಾ ಅಮ್ಮಾ?"

"ಗಿಡ ಒಂದೇ ಕಣಪ್ಪ. ಒಂದೇ ತಾಯಿ ಮಕ್ಕಳು. ಒಬ್ಬನ್ನ ಅರೆದು ಕೆಂಪು ಮಾಡಿದ್ವಿ, ಇನ್ನೊಬ್ಬನ್ನ ಹಾಗೇ ಮುದ್ದು ಮಾಡಿ ಬಿಟ್ವಿ."

"ಸಣ್ಣ ಪುಡಿ ಅಂದ್ರೆ ನೆಲದಿಂದ ಗುಡಿಸಿದ್ದಾ?"

"ಗುಡಿಸಿದ್ದನ್ನ ಕುಡಿಸಿದ್ರೆ ನೀವು ಮತ್ತೆ ಬರ್ತೀರಾ? ಜರಡಿ ಹಿಡಿದಾಗ ಕೆಳಗೆ ಬೀಳೋದು ಅದು. ಬೇಗ ರಂಗು ಬಿಡುತ್ತೆ, ಅವಸರದವರಿಗೆ ಹೇಳಿ ಮಾಡಿಸಿದ್ದು."

ಜನ ನಗುತ್ತಿದ್ದರು. ನಿಮಗೆ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೆಲವರು ಕೇಳುತ್ತಿದ್ದರು. ಅವಳನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡು, ಕಳಿಸುತ್ತೇವೆ ಎಂದು ಹೇಳಿ ಹೋಗುತ್ತಿದ್ದರು. ಒಂದೂ ಬಂದಿರಲಿಲ್ಲ. ಅದಕ್ಕೇನಂತೆ, ನಾಳೆ ಇನ್ನೊಂದು ಗುಂಪು ಬರುತ್ತದಲ್ಲ.

ರೋಲರ್ ಕೋಣೆಯಲ್ಲಿ ಮಾತ್ರ ಅವಳು ಯಾರನ್ನೂ ಬೇಗ ಬಿಡುತ್ತಿರಲಿಲ್ಲ. ಗದ್ದಲಕ್ಕೆ ಮುಖ ಹಿಂಡಿಕೊಂಡವರನ್ನು ಹತ್ತಿರ ಕರೆದು, "ಇಲ್ಲಿ ಕೈಯಿಡಿ, ಏನೂ ಆಗಲ್ಲ ಇಡಿ," ಎಂದು ಅವರ ಅಂಗೈಯನ್ನು ಯಂತ್ರದ ಮೈಗೆ ಒತ್ತಿಸುತ್ತಿದ್ದಳು. "ನಡುಗ್ತಾ ಇದೆ ಅಲ್ವಾ? ನಮ್ಮ ಯಜಮಾನ್ರು ಇದನ್ನ ದವಡೇಲಿ ಕೇಳೋರು. ಕಿವೀನ ಇದಕ್ಕೇ ಕೊಟ್ಬಿಟ್ಟಿದ್ರು." ಆಮೇಲೆ ಸ್ಕ್ರೂಡ್ರೈವರಿನ ಕಥೆ. ಆ ಗದ್ದಲವನ್ನು ಮೀರಿ ಅವಳ ಪ್ರತಿಯೊಂದು ಮಾತೂ ಅವರನ್ನು ಮುಟ್ಟುತ್ತಿತ್ತು. ಅಂಗೈ ಯಂತ್ರದ ಮೇಲಿಟ್ಟುಕೊಂಡೇ ಅವರ ಮುಖ ಬದಲಾಗುವುದನ್ನು ಅವಳು ನೋಡುತ್ತಿದ್ದಳು. ಅವನು ಹೇಗೆ ನಿಲ್ಲುತ್ತಿದ್ದನೆಂದು ತನ್ನ ಹೊರತು ಇನ್ನೊಬ್ಬರಿಗೆ ಗೊತ್ತಾಯಿತು ಎಂಬ ಸಮಾಧಾನ ಅವಳಿಗೆ ದಿನವಿಡೀ ಸಾಕಾಗುತ್ತಿತ್ತು. ಮಕ್ಕಳಿರುವವರಿಗೆ ಇದು ಅರ್ಥವಾಗುವುದು ಕಷ್ಟ. ಅವರ ಮನೆಯಲ್ಲಿ ನೆನಪಿಡಲು ಬೇರೆಯವರೂ ಇರುತ್ತಾರೆ.

ಪ್ರವಾಸಿಗಳು ಹೆಚ್ಚಾದರು. ಒಂದು ಗುಂಪಿನ ಜೊತೆ ಅವಳು ಒಳಗಿದ್ದರೆ ಇನ್ನೆರಡು ಗುಂಪು ಗೇಟಿನಲ್ಲಿ ಗೊಣಗುತ್ತಾ ನಿಲ್ಲುತ್ತಿತ್ತು. ಮ್ಯಾನೇಜರ್ ಅವಳನ್ನು ಕರೆಸಿದ.

"ಅಮ್ಮಾ, ನಿಮ್ಮ ಮಾತನ್ನೇ ರೆಕಾರ್ಡ್ ಮಾಡಿಸ್ತೀವಿ. ಬಂದವರಿಗೆಲ್ಲ ಹೆಡ್‌ಫೋನ್ ಕೊಡೋದು. ನಿಮ್ಮ ದನೀನೇ ಅವರನ್ನ ಸುತ್ತಾಡಿಸುತ್ತೆ. ಏನಂತೀರಿ?"

ಅವಳು ಏನನ್ನುತ್ತಾಳೆ, ಹಿಗ್ಗಿ ಹೀರೇಕಾಯಿಯಾದಳು. ಎಲ್ಲರ ಕಿವಿಯಲ್ಲೂ ತಾನೇ! ಇಡೀ ಕಾರ್ಖಾನೆಯಲ್ಲಿ ಇನ್ಯಾರಿಗೆ ಇಂಥ ಯೋಗ? ಇದರಲ್ಲಿ ತನಗೇನು ಕೇಡಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಪಾಪ, ಹೊಗಳಿಸಿಕೊಳ್ಳುವಾಗ ಯಾರಿಗೆ ಹೊಳೆಯುತ್ತದೆ?

ರೆಕಾರ್ಡಿಂಗಿನವನು ಪೇಟೆಯಿಂದ ಪೆಟ್ಟಿಗೆ ತಂದ. ಆಫೀಸಿನ ಹಿಂದಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊದಿಸಿದ. ಮೈಕನ್ನು ಅವಳ ಬಾಯಿಯ ಹತ್ತಿರ ಇಟ್ಟು ಕೂತವನು ಅವಳ ಮೊದಲ ಮಾತಿಗೇ ಕಿವಿಯ ಮೇಲಿದ್ದುದನ್ನು ಕಿತ್ತು ಎದ್ದು ನಿಂತ. ಮೆಲ್ಲಗೆ ಅಮ್ಮಾ ಎಂದ. ಅವಳು ತನಗೆ ತಿಳಿದ ಮಟ್ಟಿಗೆ ಮೆಲ್ಲಗೆ ಮಾತಾಡಿದಳು. ಅವನು ಮೈಕನ್ನು ಹಿಂದೆ ಸರಿಸಿದ, ಇನ್ನೂ ಸರಿಸಿದ, ಕೊನೆಗೆ ಎದುರಿನ ಗೋಡೆಗೆ ತಾಗಿಸಿಟ್ಟ. "ದನಿಯನ್ನ ಆಮೇಲೆ ಯಂತ್ರದಲ್ಲಿ ಮೆತ್ತಗೆ ಮಾಡ್ತೀನಿ ಬಿಡಿ. ಜನ ಏನೇನು ಕೇಳ್ತಾರೋ ಅದಕ್ಕೆಲ್ಲ ಉತ್ತರ ಸೇರಿಸಿಬಿಡಿ," ಎಂದ.

ಅವಳು ಎಡವಿದ್ದು ಅಲ್ಲೇ. ಸೇರಿಸಬೇಕಾದಷ್ಟನ್ನು ಸೇರಿಸಿ ಸುಮ್ಮನಾಗಿದ್ದರೆ ಸಾಕಿತ್ತು. ಇವಳು ಒಂದನ್ನೂ ಬಿಡಲಿಲ್ಲ. ಹಸಿರು ಚಹಾದ ಪ್ರಶ್ನೆ, ಸಣ್ಣ ಪುಡಿಯ ಪ್ರಶ್ನೆ, ಚಹಾ ಕುಡಿದರೆ ನಿದ್ದೆ ಬರುವುದಿಲ್ಲವೇ, ಹಾಲು ಮೊದಲೋ ಆಮೇಲೋ, ಕೊನೆಗೆ ಶೌಚಾಲಯ ಎಲ್ಲಿದೆ ಎಂಬುದನ್ನೂ ಹೇಳಿದಳು. ವರ್ಷಗಟ್ಟಲೆ ಜನ ಕೇಳಿದ್ದೆಲ್ಲ ನೆನಪು ಮಾಡಿಕೊಂಡು, ಅವರು ನಗುತ್ತಿದ್ದ ಜಾಗದಲ್ಲಿ ತುಸು ನಿಂತು, ತಾನೂ ನಕ್ಕು ಹೇಳಿದಳು. ರೋಲರಿನ ಮಾತು ಬಂದಾಗ ಗಂಡನ ಕಥೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದಳು.

"ಭೇಷ್ ಅಮ್ಮಾ, ಇನ್ನು ಯಾರೂ ಏನೂ ಕೇಳೋ ಹಾಗೇ ಇಟ್ಟಿಲ್ಲ ನೀವು," ಎಂದ ರೆಕಾರ್ಡಿಂಗಿನವನು. ಅವಳು ಅದನ್ನು ಬಹುಮಾನದ ಹಾಗೆ ಮನೆಗೆ ಹೊತ್ತುಕೊಂಡು ಹೋದಳು.

ಹೆಡ್‌ಫೋನುಗಳು ಬಂದವು. ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪನೆಯವು. ಐದು ನಿಮಿಷ ರೋಲರ್ ಕೋಣೆಯಲ್ಲಿ ನಿಲ್ಲುವವರ ಕಿವಿಗೆ ತೊಂದರೆಯಾಗಬಾರದಲ್ಲ. ಜೀವಮಾನವಿಡೀ ಅಲ್ಲೇ ನಿಂತಿದ್ದವನ ಕಾಲಕ್ಕೆ ಇಂಥ ಕರುಣೆ ಯಾರಿಗೂ ಹುಟ್ಟಿರಲಿಲ್ಲ, ಆ ಮಾತು ಬಿಡಿ. ಮೈಕಮ್ಮನಿಗೆ ಗೇಟಿನ ಹತ್ತಿರ ಒಂದು ಕಟ್ಟೆ, ಒಂದು ಸ್ಟೂಲು ಸಿಕ್ಕಿತು. ಬಂದವರಿಗೆ ಹೆಡ್‌ಫೋನ್ ಕೊಟ್ಟು ಗುಂಪಿನವರೆಲ್ಲರದನ್ನೂ ಒಟ್ಟಿಗೆ ಶುರುಮಾಡಿಸಬೇಕು, ಹಿಂದಿರುಗಿದಾಗ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಮೊಳೆಗೆ ನೇತುಹಾಕಬೇಕು. ಕೆಲಸ ಹಗುರ, ಸಂಬಳ ಮೊದಲಿನಷ್ಟೇ. ಜರಡಿ ಕೋಣೆಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು.

ಒಳಗೆ ಹೋದವರು ನಗುತ್ತಾ ಹೊರಗೆ ಬರುತ್ತಿದ್ದರು. ಎಲ್ಲೆಲ್ಲಿ ನಕ್ಕಿರಬಹುದೆಂದು ಅವಳಿಗೆ ಗೊತ್ತಿತ್ತು. ಈಗಲಾದರೂ ಏನಾದರೂ ಕೇಳುತ್ತಾರೆ ಎಂದು ಬಾಯಿ ಸಿದ್ಧಮಾಡಿಕೊಂಡು ಕೂರುತ್ತಿದ್ದಳು. ಏನು ಕೇಳುತ್ತಾರೆ? ಹಸಿರು ಚಹಾ ಮುಗಿದಿತ್ತು, ಸಣ್ಣ ಪುಡಿ ಮುಗಿದಿತ್ತು, ಶೌಚಾಲಯದ ದಾರಿ ಕೂಡ ಅವರಿಗೆ ತಿಳಿದಿತ್ತು. ಥ್ಯಾಂಕ್ಸ್ ಎಂದು ಹೆಡ್‌ಫೋನ್ ಕೈಗಿಟ್ಟು ಹೋಗುತ್ತಿದ್ದರು. ಆ ಎರಡು ಬಟ್ಟಲುಗಳು ಅವರ ಕಿವಿಯ ಬಿಸಿಗೆ ಇನ್ನೂ ಬೆಚ್ಚಗಿರುತ್ತಿದ್ದವು.

ಒಬ್ಬ ಹಿರಿಯರು ಮಾತ್ರ ನಿಂತು, "ಇದರಲ್ಲಿ ಮಾತಾಡಿದ್ದಾರಲ್ಲ, ಆ ಅಮ್ಮ ಯಾರು? ತುಂಬಾ ಚೆನ್ನಾಗಿ ಹೇಳಿದ್ದಾರೆ," ಎಂದರು.

"ನಾನೇ!" ಎಂದಳು ಮೈಕಮ್ಮ. ಖುಷಿಗೆ ದನಿ ಎಂದಿಗಿಂತ ಮೇಲೇರಿತ್ತು.

ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದು, ನಂತರ ತಮಾಷೆಯೆಂದುಕೊಂಡು ಹೊಟ್ಟೆ ತುಂಬ ನಕ್ಕು, ಅವಳಿಗೆ ಕೈಮುಗಿದು ಹೊರಟುಹೋದರು. ಅವರ ಬೆನ್ನಿಗೆ ಅವಳೂ ಸ್ವಲ್ಪ ನಕ್ಕಳು. ಮನೆಗೆ ಹೋದ ಮೇಲೆ ಅಳು ಬಂತು.

ಅಷ್ಟು ದಿನ ಅವಳು ಅದನ್ನು ಕಿವಿಗೆ ಹಾಕಿಕೊಂಡು ನೋಡಿರಲಿಲ್ಲ. ತನ್ನ ಮಾತು ತಾನೇನು ಕೇಳುವುದು ಎಂಬ ಸಂಕೋಚ. ಆ ಹಿರಿಯರು ಬಂದುಹೋದ ಮೇಲೆ ಒಂದು ಮಧ್ಯಾಹ್ನ, ಪ್ರವಾಸಿಗಳಿಲ್ಲದ ಹೊತ್ತಿನಲ್ಲಿ, ಹಾಕಿಕೊಂಡು ಒಳಗೆ ನಡೆದಳು. ಯಾರೋ ಸಮಾಧಾನಿ ಹೆಂಗಸು ಮಾತಾಡುತ್ತಿದ್ದಳು. ಮಾತು ತನ್ನದೇ, ದನಿ ಯಾರದೋ ಒಳ್ಳೆಯ ಮನೆತನದ್ದು. ಪರವಾಗಿಲ್ಲವೇ ಎಂದುಕೊಂಡಳು. ಅಟ್ಟ ಇಳಿದು ರೋಲರಿನ ಮುಂದೆ ಬಂದು ನಿಂತಳು. ಎಲೆ ಅರೆಯುವ ವಿವರ ಬಂತು, ಉರುಳೆಗಳ ಹಲ್ಲಿನ ವಿವರ ಬಂತು. ಇನ್ನೇನು ಅವನು ಬರುತ್ತಾನೆ ಎಂದು ಅವಳು ಯಂತ್ರದ ಮೈಗೆ ಕೈಯಿಟ್ಟಳು. ಬಂದದ್ದು ಕೊಳಲು. ಸ್ವಲ್ಪ ಹೊತ್ತು ಇಂಪಾಗಿ ನುಡಿದು ನಿಂತಿತು. ಅದು ನಿಂತ ಮೇಲೆ ಅದೇ ಒಳ್ಳೆಯ ಮನೆತನದ ದನಿ ಮುಂದಿನ ಕೋಣೆಯ ಮಾತೆತ್ತಿತು. ಅವಳು ಹೆಡ್‌ಫೋನ್ ಕಿತ್ತು ನೇರ ಮಹಡಿ ಹತ್ತಿದಳು.

"ನಮ್ಮವರನ್ನ ತೆಗೆದುಹಾಕಿದ್ದೀರಿ."

ಮ್ಯಾನೇಜರ್ ಕೆಟ್ಟವನಲ್ಲ. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ನೋಡಿಯಮ್ಮಾ, ನಾಲ್ಕು ದಿನ ನೆಮ್ಮದಿಯಾಗಿರೋಣ ಅಂತ ಬರೋ ಜನ. ಇಲ್ಲಿ ಕೆಲಸ ಮಾಡಿ ಕಿವಿ ಹೋಯ್ತು ಅಂತ ನಾವೇ ಅವರ ಕಿವೀಲಿ ಹೇಳಿದ್ರೆ, ಆಮೇಲೆ ಚಹಾ ಗಂಟಲಲ್ಲಿ ಇಳಿಯುತ್ತಾ? ಮೇಲಿನವರು ಬೇಡ ಅಂದ್ರು."

"ನಾನೇನು ದೂರು ಹೇಳಿದ್ನಾ? ಅವರ ಕೆಲಸ ಹೇಗಿತ್ತು ಅಂತ ಹೇಳಿದೆ ಅಷ್ಟೇ. ನಾನು ಬಿಟ್ರೆ ಅವರನ್ನ ನೆನೆಸ್ಕೊಳ್ಳೋರು ಇನ್ಯಾರಿದ್ದಾರೆ ಹೇಳಿ. ಮತ್ತೆ ಸೇರಿಸಿ."

"ಅದಿನ್ನು ಆಗಲ್ಲಮ್ಮಾ." ಅವನು ಪೆನ್ನು ಕೆಳಗಿಟ್ಟ. "ಒಂದು ಮಾಡಿ. ಜನ ಕಡಿಮೆ ಇರೋವಾಗ ನೀವೇ ಹೋಗಿ ರೋಲರ್ ಹತ್ರ ನಿಂತ್ಕೊಳ್ಳಿ. ಬಾಯಿಮಾತಲ್ಲಿ ಏನು ಬೇಕಾದ್ರೂ ಹೇಳ್ಕೊಳ್ಳಿ. ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ."

ಅವಳಿಗೆ ಅಷ್ಟು ಸಾಕಿತ್ತು. ಮೆಟ್ಟಿಲಿಳಿಯುವಾಗಲೇ ಲೆಕ್ಕ ಹಾಕಿದಳು. ಕೊಳಲು ನುಡಿಯುವಷ್ಟು ಹೊತ್ತು ಹೆಡ್‌ಫೋನಿನೊಳಗಿನ ಆ ಹೆಂಗಸು ಸುಮ್ಮನಿರುತ್ತಾಳೆ. ಅದು ಅವನ ಜಾಗ, ಅಷ್ಟರಲ್ಲಿ ಅವನನ್ನು ಹೇಳಿ ಮುಗಿಸಬಹುದು. ಚುರುಕಾಗಿ ಹೇಳಿದರೆ ಸ್ಕ್ರೂಡ್ರೈವರಿನವರೆಗೂ ಬರಬಹುದು. ಮನೆಯಲ್ಲಿ ತಟ್ಟೆ ತೊಳೆಯುತ್ತಾ ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದಳು. ಬೇಡದ ಮಾತು ಕಿತ್ತುಹಾಕಿದಳು.

ಮಾರನೆಯ ದಿನ ಹತ್ತು ಹನ್ನೆರಡು ಜನರ ಒಂದೇ ಗುಂಪು ಬಂತು. ಎಲ್ಲರಿಗೂ ಹೆಡ್‌ಫೋನ್ ಹಂಚಿ, ಕಟ್ಟೆಯನ್ನು ಕಾವಲುಗಾರನಿಗೆ ಒಪ್ಪಿಸಿ, ಅವರು ಅಟ್ಟದಲ್ಲಿರುವಾಗಲೇ ಅವಳು ರೋಲರ್ ಕೋಣೆ ಸೇರಿದಳು. ಸೆರಗು ಸರಿಮಾಡಿಕೊಂಡು ಅವನು ನಿಲ್ಲುತ್ತಿದ್ದಲ್ಲೇ ನಿಂತಳು. ಅವರು ಇಳಿದು ಬಂದರು. ಎಲ್ಲರ ಮುಖದಲ್ಲೂ ಒಂದೇ ಬಗೆಯ ನಗು. ತಮ್ಮ ತಮ್ಮೊಳಗೇ ನಗುತ್ತಿದ್ದರು. ಮುಂದೆ ನಿಂತಿದ್ದ ಹೂವಿನ ಸೀರೆಯ ಹೆಂಗಸಿಗೆ ಇವಳದೇ ವಯಸ್ಸು. ಅವಳ ಕಡೆ ನೋಡಿ ಮೈಕಮ್ಮ ಬಾಯಿ ತೆರೆಯುತ್ತಿದ್ದಂತೆ, ಆಕೆ ಸ್ನೇಹದಿಂದಲೇ ಅಂಗೈ ಎತ್ತಿ ತಡೆದು, ಕಿವಿಯ ಕಡೆ ಬೆರಳು ಮಾಡಿ ತೋರಿಸಿದಳು. ಕೇಳುತ್ತಿದ್ದೇನೆ, ಆಮೇಲೆ ಎಂಬ ಸನ್ನೆ.

ಮೈಕಮ್ಮ ಕಾದಳು. ಅವರ ಕಿವಿಯಲ್ಲಿ ಈಗ ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಬಾಯಿಪಾಠ. ಎಲೆ ಅರೆಯುವುದು ಮುಗಿಯಿತು. ಉರುಳೆಯ ಹಲ್ಲು ಬಂತು, ಎಲ್ಲರೂ ಬಗ್ಗಿ ಹಲ್ಲು ನೋಡಿದರು. ಒಬ್ಬಿಬ್ಬರ ತಲೆ ಸಣ್ಣಗೆ ತೂಗತೊಡಗಿತು. ಕೊಳಲು!

"ಅಕ್ಕಾ, ಇಲ್ಲಿ ಕೈಯಿಡಿ!" ಎಂದು ಗಂಟಲೆತ್ತಿ ಕೂಗಿದಳು. ಆ ಗಂಟಲಿಗೆ ದಪ್ಪನೆಯ ಹೆಡ್‌ಫೋನೂ ಲೆಕ್ಕಕ್ಕಿಲ್ಲ. ಹೂವಿನ ಸೀರೆಯಾಕೆ ಒಂದು ಕಿವಿಯದನ್ನು ಸರಿಸಿ, ಗದ್ದಲಕ್ಕೆ ಮುಖ ಹಿಂಡಿಕೊಂಡು ಹತ್ತಿರ ಬಂದಳು. ಮೈಕಮ್ಮ ಅವಳ ಕೈ ಹಿಡಿದು ಯಂತ್ರದ ಮೈಗೆ ಒತ್ತಿದಳು. ಎಷ್ಟೋ ದಿನಗಳ ಮೇಲೆ ಇನ್ನೊಬ್ಬರ ಕೈ ಅವಳ ಕೈಯೊಳಗಿತ್ತು.

"ನಡುಗ್ತಿದೆ ಅಲ್ವಾ? ನಮ್ಮ ಯಜಮಾನ್ರು ಇಲ್ಲೇ ಮಿಸ್ತ್ರಿಯಾಗಿದ್ರು. ಕಿವಿ ಹೋಗಿತ್ತು ಅವರಿಗೆ. ಈ ನಡುಕಾನ ಅವರು..."

ಆ ಹೆಂಗಸು ಗಮನವಿಟ್ಟು ನೋಡುತ್ತಿದ್ದಳು, ತಲೆ ಕೂಡ ಆಡಿಸಿದಳು. ಅಷ್ಟರಲ್ಲಿ ಅವಳ ಕಣ್ಣು ಪಕ್ಕಕ್ಕೆ ಹೊರಳಿತು. ಹಿಂದೆ ನಿಂತಿದ್ದವರೆಲ್ಲ ಒಟ್ಟಿಗೆ ತಿರುಗಿ ಬಾಗಿಲ ಕಡೆ ಹೊರಟಿದ್ದರು. ಅವಳು ಗಡಿಬಿಡಿಯಿಂದ ಕೈ ಬಿಡಿಸಿಕೊಂಡಳು.

"ತಪ್ಪು ತಿಳ್ಕೋಬೇಡಿ ಅಮ್ಮಾ, ಇದರಲ್ಲಿ ಮಾತಾಡೋರು ಮುಂದಿನ ಕೋಣೆಗೆ ಕರೀತಾ ಇದಾರೆ. ನಿಂತ್ರೆ ಅವರು ಹೇಳೋದೆಲ್ಲ ತಪ್ಪಿಹೋಗುತ್ತೆ," ಎಂದು ಹೆಡ್‌ಫೋನನ್ನು ಮತ್ತೆ ಕಿವಿಗೆ ಸರಿಯಾಗಿ ಕೂರಿಸಿಕೊಂಡು, ನಕ್ಕು, ಉಳಿದವರನ್ನು ಸೇರಿಕೊಳ್ಳಲು ಅವಸರದಿಂದ ನಡೆದಳು.

ಮೈಕಮ್ಮ ಅವರೆಲ್ಲ ಬಾಗಿಲು ದಾಟುವವರೆಗೆ ನೋಡಿದಳು. ಮಾತು ಅರ್ಧಕ್ಕೆ ನಿಂತಿತ್ತು, ಅವನು ಸ್ಕ್ರೂಡ್ರೈವರನ್ನು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. ಅವನನ್ನು ಹಾಗೆ ಬಿಟ್ಟುಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಕಿರುಚುವುದಾದರೂ ಯಾರಿಗೆ ಎಂದುಕೊಂಡು ಉಳಿದದ್ದನ್ನು ಮೆಲ್ಲಗೆ ಹೇಳಿ ಮುಗಿಸಿದಳು. ಆ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.